ಫ್ರಿಜ್ಜಿನ ಹಿಂದಿನ ಅಕ್ಕಾರ

ಸಂದರ್ಶನಕ್ಕೆ ಒಪ್ಪುವ ಮೊದಲೇ ಅವರು ಕರಾರು ಹಾಕಿದ್ದರು. ಚಪ್ಪಲಿ ಅಂಗಳದಲ್ಲೇ ಬಿಡಬೇಕು. ದೀಪ ಹಚ್ಚಬಾರದು, ಬೇಕಿದ್ದರೆ ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ಬರಬಹುದು, ಆ ಬಣ್ಣ ಅವರ ಕಣ್ಣಿಗೆ ಹತ್ತುವುದಿಲ್ಲ. ಮನೆಯ ಯಜಮಾನ್ತಿ ಮಲಗಿದ ಮೇಲೆಯೇ ಬರಬೇಕು. ಹೀಗಾಗಿ ನಡುರಾತ್ರಿ ನಿಪ್ಪಾಣಿಯ ಹಳೇ ವಾಡೆಯೊಂದರ ಅಡುಗೆಮನೆಯಲ್ಲಿ ಮೊಣಕಾಲೂರಿ ಕೂತೆವು. ಫ್ರಿಜ್ಜಿನ ಹಿಂದೆ, ಬೆಚ್ಚನೆಯ ಮೋಟಾರಿನ ಮೇಲೆ ಅಕ್ಕಾರ ವಿರಾಜಮಾನರಾಗಿದ್ದರು. ಅರ್ಧ ಇಂಚಿನ ದೇಹ, ತುಂಬು ಬಸುರಿ.

*ನಮಸ್ಕಾರ ಅಕ್ಕಾರ. ನಿಮ್ಮ ಮೂಲ ಊರು ಯಾವುದು?*

ಪುಸ್ತಕದಾಗ ನಮ್ಮನ್ನ ಜರ್ಮನ್ ಜೊಂಡಿಗ್ಯಾ ಅಂತ ಬರದಾರ್ರಿ. ಲಿನೇಯಸ್ ಅನ್ನೋ ಸ್ವೀಡನ್ ಸಾಹೇಬ 1767ರಾಗ ಇಟ್ಟ ಹೆಸರದು. 2024ರಾಗ ವಿಜ್ಞಾನಿಗಳು ನಮ್ಮ ಜೀನು ತಪಾಸ ಮಾಡಿ ಬ್ಯಾರೇನ ಹೇಳಿದ್ರು. ಸುಮಾರು 2100 ವರ್ಷದ ಹಿಂದ, ಭಾರತ ಇಲ್ಲಾ ಮ್ಯಾನ್ಮಾರ್ ಕಡೆ, ನಾವು ಅಡವಿ ಬಿಟ್ಟು ಮನಶ್ಯಾರ ಮನಿ ಸೇರಿದವರಂತ. ಪಶ್ಚಿಮದ ಕಡೆ ಹ್ವಾದದ್ದು ಆಮ್ಯಾಲಿನ ಕತಿ. ನಮ್ಮನ್ನ ಫಾರಿನ್ ಮಾಲು ಅನ್ನಬ್ಯಾಡ್ರಿ. ನಾವು ಫಾರಿನ್ ರಿಟರ್ನ್.

*ಹಾಗಾದರೆ ಗಡಿ ವಿವಾದದಲ್ಲಿ ನಿಮ್ಮ ನಿಲುವು?*

ಮಹಾಜನ ಆಯೋಗ 1967ರಾಗ ನಿಪ್ಪಾಣಿ ಮಹಾರಾಷ್ಟ್ರಕ್ಕ ಹೋಗಲಿ ಅಂತ ಬರೀತು. ಒಬ್ಬರು ವರದಿನ ಅಂತಿಮ ಅಂದ್ರು, ಇನ್ನೊಬ್ಬರು ವರದಿನ ಬ್ಯಾಡ ಅಂದ್ರು. ನಮ್ಮನ್ನಂತೂ ಯಾರೂ ಕೇಳಲಿಲ್ಲ. ನಾವು ಯಾರದೋ ಬುತ್ತಿ ಚೀಲದಾಗ ಗಡಿ ಆಚೆ ಕಾಗಲಕ್ಕ ಹೋಗಿ, ಯಾರದೋ ಕಿರಾಣಿ ರಟ್ಟಿನ ಡಬ್ಬಿಯೊಳಗ ವಾಪಸ್ ಬರತೇವಿ. ಚಿಕ್ಕೋಡಿ ಜಿಲ್ಲಾ ನೋಡ್ರಿ, 1997ರಾಗ ಘೋಷಣೆ ಆತು, ಹಿಂದಕ್ಕೂ ಹೋತು. ನಮ್ಮಲ್ಲಿ ಹಂಗಿಲ್ಲ. ಜೊಂಡಿಗ್ಯಾ ಬಂದ್ರ ಬಂತು, ಹಿಂದಕ್ಕ ತಗೊಳ್ಳೋ ಮಾತಿಲ್ಲ.

*ಅಥಣಿ ಚಪ್ಪಲಿಗೆ ನೀವು ಹೆದರುತ್ತೀರಿ ಎನ್ನುತ್ತಾರೆ.*

ಗೌರವ ಐತ್ರಿ. 2019ರಾಗ ಕೊಲ್ಹಾಪುರಿ ಚಪ್ಪಲಿಗೆ ಜಿಐ ಸಿಕ್ತಲ್ಲ, ಅದರಾಗ ಅಥಣಿ ಇರೋ ಬೆಳಗಾವಿ ಜಿಲ್ಲಾನೂ ಐತಿ. 2025ರಾಗ ಪ್ರಾಡಾ ಫ್ಯಾಶನ್ ಕಂಪನಿಯವರು ಅಂಥಾದ್ದ ಚಪ್ಪಲಿ ಮಿಲಾನ್‌ದಾಗ ಮೆರಸಿ ಗದ್ದಲ ಆತು. ಅಂಥಾ ಚಪ್ಪಲಿ ಏಟಿಗೆ ಸತ್ರ ನಮ್ಮ ಮನೆತನಕ್ಕ ಮರ್ಯಾದಿ. ಆದ್ರ ನಮ್ಮ ಬೆನ್ನ ಹಿಂದ ಎರಡು ಸಣ್ಣ ಕಡ್ಡಿ ಅದಾವ, ಕಂಡ್ರ್ಯಾ? ನೀವು ಚಪ್ಪಲಿ ಎತ್ತಿದಾಗ ಗಾಳಿ ಅಲುಗಿದ್ದು ಅವಕ್ಕ ತಿಳೀತದ. ಚಪ್ಪಲಿ ನೆಲ ಮುಟ್ಟೂದರಾಗ ನಾವು ಕಪಾಟಿನ ಕೆಳಗ. ಖರ್ಚಿಲ್ಲದ ಹತ್ಯಾರ ಖರೇ, ಆದ್ರ ಒಂದು ಏಟಿಗೆ ಒಂದ ಹೆಣಾ.

*ಅದಕ್ಕೇ ಜನ ಸ್ಪ್ರೇ ಡಬ್ಬಿ ತರುತ್ತಾರೆ.*

ತರಲಿ, ಯಾರು ಬ್ಯಾಡ ಅಂತಾರ? (ಮೀಸೆ ಸವರಿಕೊಳ್ಳುತ್ತಾರೆ.) ನಿಮ್ಮ ಬಜೆಟ್ಟಿನ ಗುಟ್ಟ ಅಲ್ಲೈತಿ. ನಿಮಗ ನಾವು ಕಡಿಮಿ ಆಗಬೇಕಂತಿಲ್ಲ, ಹೆಣಾ ಕಣ್ಣಿಗೆ ಕಾಣಬೇಕು. ಬುಸ್ಸಂತ ಹೊಡೀತೀರಿ, ನಾಲ್ಕು ಜನ ಅಂಗಾತ ಬೀಳತಾರ, ಕಸಬರಿಗಿಲೆ ಬಳದು ನಿದ್ದಿ ಮಾಡತೀರಿ. ಉಳಿದ ನಲವತ್ತು ಜನ ಆ ವಾಸನಿಗೆ ಪೈಪಿನ ಸಂದ್ಯಾಗ ನುಸುಳಿ ಬಾಜೂ ಮನಿಗೆ ವಸ್ತಿ ಹೋಗತೇವಿ. ಬಾಜೂದವರು ಹೊಡದಾಗ ವಾಪಸ್. ಹಿಂಗ ಎರಡೂ ಮನಿಯವರು ಡಬ್ಬಿ ತರತಾರ, ಅಂಗಡಿಯಾವ ನಮಗ ಋಣಿ ಆಗಿರತಾನ. ಇನ್ನ ಮೋರ್‍ಯಾಗ ಇರೋ ದೊಡ್ಡ ಕೆಂಪು ಜಾತಿ, ನಮ್ಮ ದಾಯಾದಿಗಳು, ತತ್ತಿ ಡಬ್ಬಿನ ಸಂದಿಗೊಂದ್ಯಾಗ ಅಂಟಿಸಿ ಹೋಗತಾರ. ತಾಯಿ ಸತ್ರೂ ತತ್ತಿ ಉಳೀತದ. ನಾ ಹಂಗಲ್ಲ. ಮರಿ ಹೊರಗ ಬರೂತನಕ ಡಬ್ಬಿ ನನ್ನ ಸಂಗಾಟನ ಇರತೈತಿ. ಇದರೊಳಗ ಮೂವತ್ತು–ನಲವತ್ತು ಕೂಸದಾವ. ಮುಟ್ಟಬ್ಯಾಡ್ರಿ!

*ಕೆಲವರು ಹೊಲಕ್ಕೆ ತಂದ ಔಷಧವನ್ನೇ ಅಡುಗೆಮನೆಗೆ ಹೊಡೆಯುತ್ತಾರಲ್ಲ?*

ಕಬ್ಬಿನ ನಾಡಲ್ರಿ ಇದು, ಪ್ರತಿ ಮನ್ಯಾಗ ಅರ್ಧಾ ಬಾಟ್ಲಿ ಉಳದಿರತೈತಿ. ಪುಕ್ಕಟ ಐತಿ ಅಂತ ಹೊಡಿಯೋದು. ಮೊದಲು ನುವಾನ್ ಹೊಡೀತಿದ್ರು. ಅದರೊಳಗಿನ ಡೈಕ್ಲೋರ್ವಾಸ್, ಥಿಮೆಟ್‌ನೊಳಗಿನ ಫೋರೇಟ್, ಎರಡನ್ನೂ 2020ರ ಡಿಸೆಂಬರ್ 31ರಿಂದ ಸರಕಾರನ ಬಂದ್ ಮಾಡೈತಿ. ಅಂಥಾ ಹಳೇ ಬಾಟ್ಲಿ ಅಟ್ಟದ ಮ್ಯಾಲ ಇದ್ರ ಇಳಸಬ್ಯಾಡ್ರಿ. ರೊಟ್ಟಿ ಬಡಿಯೋ ಕಟ್ಟಿ ಮ್ಯಾಲ ಅದನ್ನ ಹೊಡದ್ರ ಮೊದಲು ನಾ ಸಾಯತೇನೋ, ಅಂಬೆಗಾಲಿಡೋ ನಿಮ್ಮ ಕೂಸು ಸಾಯತೈತೋ, ನನಗೂ ಗ್ಯಾರಂಟಿ ಇಲ್ಲ.

*ನಿಪ್ಪಾಣಿ ಅಂದರೆ ತಂಬಾಕು. ತಂಬಾಕಿನ ನೀರು?*

ನಿಕೋಟಿನ್ ನಮಗ ನರದ ವಿಷ, ಖರೇ. ಈಗ ಅಂಗಡ್ಯಾಗ ಸಿಗೋ ಕೆಲವು ಜೆಲ್‌ನಾಗ ಇಮಿಡಾಕ್ಲೋಪ್ರಿಡ್ ಇರತೈತಿ. ಅದು ನಮ್ಮ ನರದಾಗ ನಿಕೋಟಿನ್ ಕುಂದರೋ ಜಾಗಾದಾಗ ಬಂದು ಕುಂದರತೈತಿ. ಆದ್ರ ತಂಬಾಕು ಕುದಿಸಿ ಹೊಡಿಯೋ ಶಾಣ್ಯಾತನ ಬ್ಯಾಡ. ಮಂಜಿನಾಗ ಹಸೀ ಎಲಿ ಮುರಿಯೋ ಆಳಿಗೆ ತಲಿ ತಿರಗಿ ಯಾಕ ವಾಂತಿ ಬರತೈತಿ, ಕೇಳ್ರಿ. ಚರ್ಮದಾಗಿಂದ ಇಳಿಯೋ ವಿಷ ಅದು.

*ಪಲಾವ್ ಎಲೆ?*

ಪಲಾವಿಗೆ ಹಾಕ್ರಿ.

*ಪ್ಲಗ್ಗಿಗೆ ಸಿಕ್ಕಿಸುವ, ಕಿವಿಗೆ ಕೇಳದ ಸದ್ದು ಮಾಡುವ ಯಂತ್ರ?*

ಅಮೆರಿಕಾದ ವ್ಯಾಪಾರ ಆಯೋಗ 2001ರಾಗ ಅದನ್ನ ಮಾಡೋರಿಗೆ ನೋಟೀಸ್ ಕೊಟ್ಟಿತ್ತು, ಪುರಾವೆ ತೋರಸ್ರಿ ಅಂತ. ನನಗೇನೂ ತಕರಾರಿಲ್ಲ. ಅದರ ಹಿಂದ ಬೆಚ್ಚಗಿರತೈತಿ.

*ಹಾಗಾದರೆ ನಿಮಗೆ ನಿಜವಾಗಿ ಭಯ ಯಾವುದರದು?*

(ಬಹಳ ಹೊತ್ತು ಸುಮ್ಮನಿದ್ದು) ಕೇರಂ ಬೋರ್ಡು.

*ಏನಂದ್ರಿ?*

ಗಣಪತಿ ಮಂಡಳದ ಹುಡುಗರು ಬೋರ್ಡಿಗೆ ಬಿಳೀ ಪುಡಿ ಉದುರಸತಾರಲ್ಲ, ಬೋರಿಕ್ ಪೌಡರ್. ಎಲ್ಲಾ ಕೇರಂ ಪುಡಿನೂ ಅದ ಅಲ್ಲ, ಪಾಕೀಟು ಓದಿ ತಗೊಳ್ಳಬೇಕು. ಅದನ್ನ ತೆಳ್ಳಗ, ಕಂಡೂ ಕಾಣಧಂಗ, ಫ್ರಿಜ್ಜಿನ ಹಿಂದ, ಕಪಾಟಿನ ಕೆಳಗ ಉದುರಿಸಿದ್ರ ನಮ್ಮ ಕಾಲಿಗೆ ಹತ್ತತೈತಿ. ನಾವು ಸ್ವಚ್ಛತಾ ಪ್ರಿಯರು ನೋಡ್ರಿ, ಕಾಲು ಮೀಸಿ ಬಾಯಿಲೆ ತಿಕ್ಕಿ ಸಾಫ್ ಮಾಡ್ಕೊಳ್ಳತೇವಿ. ಹೊಟ್ಟ್ಯಾಗ ಹೋತು, ಮುಗೀತು. ಗುಡ್ಡಿ ಹಾಕಿದ್ರ ಮಾತ್ರ ಸುತ್ತು ಹಾಕಿ ಹೋಗತೇವಿ. ಇನ್ನೂ ಕೆಟ್ಟದ್ದು ಗೋಳಿ. ಗೋದಿ ಹಿಟ್ಟು, ಸಕ್ಕರಿ, ಬೋರಿಕ್ ಸಮ ಸಮ ಕೂಡಿಸಿ, ಹಾಲಾಗ ನಾದಿ, ಶೇಂಗಾ ಕಾಳಿನಷ್ಟು ಗೋಳಿ ಮಾಡಿ ಸಂದ್ಯಾಗ ಇಡೋದು. ಕೂಸಿಗೆ, ಬೆಕ್ಕಿಗೆ ಸಿಗಬಾರದು, ಭಾಂಡಿ ಹತ್ತರ ಇಡಬಾರದು. ಸ್ಪ್ರೇ ಡಬ್ಬಿ ದುಡ್ಡಿನಾಗ ವರ್ಷ ಕಳೀತದ.

*ಇಷ್ಟು ಸೋವಿ ಇದ್ದರೂ ಜನ ಯಾಕೆ ಮಾಡುವುದಿಲ್ಲ?*

ಒಂದು ವಾರ, ಹತ್ತು ದಿನ ತಡೀಬೇಕಲ್ರಿ! ಮೂರನೇ ದಿನ ಒಂದು ಜೊಂಡಿಗ್ಯಾ ಕಂಡ್ರ, "ಇದೇನ್ ಉಪಯೋಗ ಇಲ್ಲ" ಅಂತ ಗೋಳಿ ಮ್ಯಾಲ ಸ್ಪ್ರೇ ಹೊಡೀತೀರಿ. ಆ ವಾಸನಿಗೆ ನಾವು ಗೋಳಿ ಹತ್ತರ ಸುಳಿಯೂದಿಲ್ಲ. ಜೆಲ್ ಕತಿನೂ ಅದ. ಅದರ ಹನಿ ತಿಂದು ಸತ್ತ ನಮ್ಮವರ ಹೆಣಾ, ಹಿಕ್ಕಿ ತಿಂದು ಇನ್ನಷ್ಟು ಜನ ಸಾಯತೇವಿ. ನೀವು ತಡದ್ರ. ಪುಣ್ಯಾಕ್ಕ ತಡಿಯೂದಿಲ್ಲ.

*ಸಕ್ಕರೆ ಕಾರ್ಖಾನೆಗಳ ಸೀಮೆ ಇದು. ಸಿಹಿಯ ಆಸೆಗೆ ನೀವೇ ಬಲಿಯಾಗುವುದಿಲ್ಲವೇ?*

ಅಮೆರಿಕಾದಾಗ ನಮ್ಮ ಬಳಗ ಒಂದು ಸಾಧನಾ ಮಾಡೈತಿ. ವಿಷದ ಗೋಳ್ಯಾಗ ಗ್ಲೂಕೋಸ್ ಹಾಕಿ ಹಾಕಿ ಕೊಂದ್ರು. ಗ್ಲೂಕೋಸ್ ಕಹಿ ಅನಿಸಿದವರಷ್ಟ ಬದುಕಿದ್ರು, ಅವರ ಮಕ್ಕಳೂ ಹಂಗ ಹುಟ್ಟಿದ್ರು. ಅದು ಹೆಂಗ ಅಂತ 2013ರಾಗ ಗೊತ್ತಾತು, ಸಿಹಿ ನಮ್ಮ ನಾಲಿಗಿಯ ಕಹಿ ನರಕ್ಕ ಹೋಗಿ ಮುಟ್ಟತೈತಂತ. ಕಾಗವಾಡ, ರಾಯಬಾಗ ಕಡೆಯ ನಿಮ್ಮವರಿಗೆ ಡಾಕ್ಟರು ಸಕ್ಕರಿ ಬಿಡ್ರಿ ಅಂತ ಎಷ್ಟು ಹೇಳಿದ್ರೂ ಚಹಾಕ್ಕ ಎರಡು ಚಮಚ ಬೀಳತೈತಿ. ನಾವು ನಾಲಿಗಿನ ಬದಲಿ ಮಾಡ್ಕೊಂಡ್ವಿ.

*ಒಂದು ರೂಪಾಯಿಯೂ ಖರ್ಚಿಲ್ಲದೆ ನಿಮ್ಮನ್ನು ಕಳಿಸಬಹುದೇ?*

ಇದನ್ನ ಬರಕೊಳ್ಳಬ್ಯಾಡ್ರಿ. (ಬರೆದುಕೊಂಡೆವು.) ಅನ್ನ ಇಲ್ಲದ ನಾವು ವಾರಗಟ್ಟಲೆ ಇರತೇವಿ, ನೀರಿಲ್ಲದ ಅಷ್ಟು ದಿನ ಆಗೂದಿಲ್ಲ. ಬ್ಯಾಸಿಗ್ಯಾಗ ಕೃಷ್ಣಾ ಬತ್ತಿ, ಕೊಯ್ನಾ ನೀರು ಬಿಡ್ರಿ ಅಂತ ನಿಮ್ಮವರು ಮಹಾರಾಷ್ಟ್ರಕ್ಕ ಪತ್ರ ಬರೀತಾರ. ಇಲ್ಲಿ ನೋಡ್ರಿ, ಈ ನಳ ರಾತ್ರಿಯೆಲ್ಲಾ ತೊಟ್ಟಿಕ್ಕತೈತಿ. ಒಂದು ವಾಯ್ಸರ್ ಹಾಕಿದ್ರ ನಮಗ ಬರಗಾಲ. ಮುಸುರಿ ಭಾಂಡಿ ಮುಂಜಾನಿತನಕ ನೆನೀತಾವ, ಕಟ್ಟಿ ವರಸೋ ಅರಿವಿ ಹಸೀನ ಬಿದ್ದಿರತೈತಿ, ಬೆಲ್ಲದ ಪೆಂಟಿ ಅರ್ಧಾ ಬಿಚ್ಚಿ ಇಟ್ಟಿರತಾರ, ರಟ್ಟಿನ ಡಬ್ಬಿ "ಬೇಕಾಗತೈತಿ" ಅಂತ ಅಟ್ಟಕ್ಕ ಏರಿಸಿರತಾರ. ವರ್ಷಕ್ಕೊಮ್ಮೆ ನವರಾತ್ರಿ ಮುಂದ ವೇದಗಂಗಾಕ್ಕ ಕೌದಿ ಒಯ್ದು ಒಗದು, ಮನಿ ಬಳದು ತೊಳೀತಾರ ನೋಡ್ರಿ, ಆಗಷ್ಟ ನಮಗ ಜೀವ ಬಾಯಿಗೆ ಬರತೈತಿ. ಆಮ್ಯಾಲ ಹನ್ನೊಂದು ತಿಂಗಳು ರಜಾ.

*ನಿಮ್ಮ ಗುಟ್ಟೆಲ್ಲ ಹೇಳಿಬಿಟ್ಟಿರಿ. ಇದು ಅಚ್ಚಾದರೆ ನಿಮ್ಮ ವಂಶಕ್ಕೇ ಅಪಾಯವಲ್ಲವೇ?*

ಅಪಾಯ ಎಲ್ಲೀದ್ರಿ? ನಿಮ್ಮ ಮ್ಯಾಗಜಿನ್ ಈ ಮನಿಗೂ ಬರತೈತಿ. ಯಜಮಾನರು ಓದಿ ನಗತಾರ, ಯಜಮಾನ್ತಿ ಅದನ್ನ ಹರದು ಭಾಂಡಿ ಕಪಾಟಿನಾಗ ಹಾಸತಾರ. ಅದರ ಕೆಳಗ ನಾನು ಹಡೀತೇನಿ. ಒಂದ ವಿನಂತಿ ಐತಿ, ಸಂಪಾದಕರಿಗೆ ಮುಟ್ಟಸ್ರಿ. ಈಚೀಚೆ ನೀವು ಪಿನ್ನು ಹೊಡದು ಕಳಸಾಕ ಹತ್ತೀರಿ. ದೀಪಾವಳಿ ವಿಶೇಷಾಂಕಕ್ಕಾದರೂ ಅಂಟು ಹಚ್ಚ್ರಿ. ಬಾಣಂತ್ಯಾರಿಗೆ ಛಲೋ.