ಕೋವಿಗೌಡರ ಆಸ್ತಿ

ಮಲೆನಾಡಿನ ಕಾಫಿ ಸೀಮೆಯಲ್ಲಿ ಹೋಬಳಿಗೊಬ್ಬರು ಕೋವಿಗೌಡರು ಇದ್ದೇ ಇರುತ್ತಾರೆ. ಪಹಣಿಯಲ್ಲಿ ಹೆಸರು ಏನೇ ಇರಲಿ, ಊರಿಗೆ ಮಾತ್ರ ಕೋವಿಗೌಡರು. ಬೀರುವಿನಲ್ಲಿ ಹಳೇ ಪಂಚೆ ಸುತ್ತಿಟ್ಟ ಅಜ್ಜನ ಕಾಲದ ಜೋಡಿನಳಿಗೆ ತೋಟಾ ಕೋವಿ, ಬಾಯಲ್ಲಿ ಅದರ ರೇಟು, ಇವೆರಡಿದ್ದರೆ ಪದವಿ ತಾನಾಗಿ ಬರುತ್ತದೆ. ಕಾಫಿ, ಮೆಣಸು, ಏಲಕ್ಕಿ ಎಲ್ಲದರ ರೇಟೂ ಬಿದ್ದಿದ್ದನ್ನು ನಾವು ಕಂಡಿದ್ದೇವೆ. ಗೌಡರ ಕೋವಿಯದು ಬಿದ್ದಿದ್ದನ್ನು ಕಂಡವರಿಲ್ಲ. ನಮ್ಮ ಪಕ್ಕದ ತೋಟದವರು ಮೊದಲು ಎರಡು ಲಕ್ಷ ಎನ್ನುತ್ತಿದ್ದರು. ಮಗಳ ಮದುವೆ ಹೊತ್ತಿಗೆ ಐದಾಯಿತು. ಈಗ ಅಂಕಿ ಹೇಳುವುದನ್ನೇ ಬಿಟ್ಟಿದ್ದಾರೆ. ‘ಅದಕ್ಕೆಲ್ಲ ಬೆಲೆ ಕಟ್ಟೋಕಾಗಲ್ಲ ಮಾರಾಯ’ ಎಂದು ಎಲೆಗೆ ಸುಣ್ಣ ಹಚ್ಚುತ್ತಾರೆ.

ಈ ಮೌನಕ್ಕೆ ಕಾರಣ ಟಿಪ್ಪು ಸುಲ್ತಾನ. ಶ್ರೀರಂಗಪಟ್ಟಣ ಬಿದ್ದಾಗ ಕಂಪನಿಯ ಮೇಜರೊಬ್ಬ ಹೊತ್ತೊಯ್ದಿದ್ದ ಬೆಳ್ಳಿ ಕೆಲಸದ ಕೋವಿ ಇಂಗ್ಲೆಂಡಿನ ಬರ್ಕ್‌ಷೈರಿನ ಮನೆಯೊಂದರ ಅಟ್ಟದಲ್ಲಿ ಸಿಕ್ಕಿ, 2019ರಲ್ಲಿ 60,000 ಪೌಂಡಿಗೆ ಹರಾಜಾಯಿತು. 2023ರಲ್ಲಿ ಲಂಡನ್ನಿನಲ್ಲಿ ಟಿಪ್ಪುವಿನ ಖಡ್ಗವೊಂದು 1.4 ಕೋಟಿ ಪೌಂಡಿಗೆ ಹೋಯಿತು. ಗೌಡರು ಎರಡೂ ಸುದ್ದಿ ಕತ್ತರಿಸಿ ಲ್ಯಾಮಿನೇಷನ್ ಮಾಡಿಸಿದ್ದಾರೆ. ಅಟ್ಟ ಎಂಬ ಮಾತು ಕಣ್ಣಿಗೆ ಬಿದ್ದದ್ದೇ ತಡ, ಏಣಿ ಹಾಕಿಸಿ ಹತ್ತಿದರು. ಸಿಕ್ಕಿದ್ದು ಒಂದು ಇಲಿಬೋನು, ಮತ್ತು ಯಾರೋ ನೆಂಟರು ಹೊತ್ತೊಯ್ದರೆಂದು ಗೌಡ್ತಮ್ಮ ಇಷ್ಟು ವರ್ಷ ಬೈಯುತ್ತಿದ್ದ ಕಡುಬು ಬೇಯಿಸುವ ಪಾತ್ರೆ.

ಅಮೆರಿಕದ ಲೆಕ್ಕವೂ ಅವರಿಗೆ ಬಾಯಿಪಾಠ. ಬಿಲ್ಲಿ ದಿ ಕಿಡ್ ಎಂಬ ಪುಂಡನನ್ನು 1881ರಲ್ಲಿ ಷೆರೀಫ್ ಪ್ಯಾಟ್ ಗ್ಯಾರೆಟ್ ಹೊಡೆದುರುಳಿಸಿದ ಕೋಲ್ಟ್ ರಿವಾಲ್ವರ್ 2021ರ ಹರಾಜಿನಲ್ಲಿ 60 ಲಕ್ಷ ಡಾಲರು ದಾಟಿತು. ಅಂಥ ಕೋಲ್ಟ್‌ಗಳನ್ನು ಕಂಪನಿ ಲಕ್ಷಗಟ್ಟಲೆ ಮಾಡಿ ಮಾರಿದೆ. ಅಷ್ಟು ದುಡ್ಡು ಬಿದ್ದದ್ದು ಕಬ್ಬಿಣಕ್ಕಲ್ಲ, ಕತೆಗೆ. ಕತೆಗೂ ಅಲ್ಲ, ಕತೆಯನ್ನು ಸಾಬೀತು ಮಾಡುವ ಕಾಗದಕ್ಕೆ. ಗೌಡರ ಬಳಿಯೂ ಕತೆಯಿದೆ, ಅಜ್ಜ ಇದೇ ಕೋವಿಯಲ್ಲಿ ಹುಲಿ ಹೊಡೆದದ್ದು. ಸಾಬೀತಿಗೆ ಜಗಲಿಯ ಗೋಡೆಯಲ್ಲಿ ಫೋಟೋ ಇದೆ. ಅದರಲ್ಲಿ ಹುಲಿಯ ಮೇಲೆ ಕಾಲಿಟ್ಟು ನಿಂತವನು ದೊರೆ, ಕೋವಿ ಹಿಡಿದವನೂ ದೊರೆಯೇ. ಅಜ್ಜ ಬಲತುದಿಯಲ್ಲಿ ನಾಯಿಯ ಸರಪಳಿ ಹಿಡಿದಿದ್ದಾರೆ.

ಆಯುಧಪೂಜೆಯ ಹಿಂದಿನ ದಿನ ಕೋವಿ ಹೊರಗೆ ಬರುತ್ತದೆ. ಗೌಡರು ಜಗಲಿಯಲ್ಲಿ ಗೋಣಿಚೀಲ ಹಾಸಿ, ಕೋವಿ ಮುರಿದು ನಳಿಗೆಗಳನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಆಮೇಲೆ ಉಪ್ಪುಕಾಗದ ತೆಗೆಯುತ್ತಾರೆ! ಕೋವಿ ಸಂಗ್ರಹಿಸುವವರು ಇದನ್ನು ನೋಡಿದರೆ ಅಲ್ಲೇ ಎದೆ ಹಿಡಿದುಕೊಳ್ಳುತ್ತಾರೆ. ಅವರ ಲೋಕದಲ್ಲಿ ಕಾರ್ಖಾನೆಯ ಮೂಲ ಬಣ್ಣ ಹೇಗಿತ್ತೋ ಹಾಗೇ ಮಾಸಿರಬೇಕು. ಉಜ್ಜಿ ಹೊಳಪು ಕೊಟ್ಟರೆ ಬೆಲೆ ಅರ್ಧವಾದರೂ ಹೋಯಿತೆಂದೇ ಅರ್ಥ. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ‘ಮ್ಯಾಂಟನ್ ಅಂಡ್ ಕಂಪನಿ, ಕಲ್ಕತ್ತಾ’ ಎಂದು ಕೆತ್ತಿತ್ತಂತೆ. ಮೂರು ತಲೆಮಾರು ಉಜ್ಜಿದ ಮೇಲೆ ಈಗ ‘ಕಲ್ಕ’ ಉಳಿದಿದೆ. ಅಕ್ರೋಟು ಮರದ ಹಿಡಿ ಬಿರುಕು ಬಿಟ್ಟಿತೆಂದು ಆಚಾರಿಯಿಂದ ಬೀಟೆಯ ಹಿಡಿ ಮಾಡಿಸಿ ವಾರ್ನಿಷ್ ಹೊಡೆಸಿದ್ದಾರೆ. ‘ಬೀಟೆ ರೇಟು ಗೊತ್ತಲ್ಲ? ಅದೂ ಸೇರ್ತು ನೋಡು’ ಎನ್ನುತ್ತಾರೆ. ಹಳೆಯ ಹಿಡಿ ಹಂಡೆ ಒಲೆಗೆ ಹೋಯಿತು.

ಈ ಹೂಡಿಕೆಯಿಂದ ಬಡ್ಡಿಯಂತೂ ಇಲ್ಲ, ತಿರುಗಾಟ ಬೇಕಾದಷ್ಟಿದೆ. ಲೈಸೆನ್ಸ್ ನವೀಕರಣ ಒಂದು ಕಡೆ. ಚುನಾವಣೆ ಬಂತೆಂದರೆ ಠಾಣೆಗೆ ಒಯ್ದು ಒಪ್ಪಿಸಬೇಕು. ಪಂಚಾಯಿತಿ, ವಿಧಾನಸಭೆ, ಲೋಕಸಭೆ ಎಂದು ನಮ್ಮಲ್ಲಿ ಚುನಾವಣೆಗೆ ಬರವೇ? ಕೋವಿ ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಮೂಲೆಯಲ್ಲಿ ನಿಂತು, ತುಕ್ಕು ಸಮೇತ ವಾಪಸಾಗುತ್ತದೆ. ಅಷ್ಟರಲ್ಲಿ ಮಂಗಗಳು ಬಾಳೆ ಮುಗಿಸಿರುತ್ತವೆ. ಕೊಡಗಿನವರ ಮೇಲೆ ಗೌಡರಿಗೆ ವಿಪರೀತ ಹೊಟ್ಟೆಯುರಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ತಲೆಗೆ ಮೂರು ಕೋವಿ ಇದ್ದದ್ದು ಎರಡಕ್ಕಿಳಿದಾಗ, ಗೌಡರು ಅಪ್ಪನ ಒಂಟಿನಳಿಗೆಯನ್ನು ಬಿಟ್ಟುಕೊಟ್ಟರು. ಅಂದಿನಿಂದ ಉಳಿದೆರಡರ ರೇಟು ಅವರ ಲೆಕ್ಕದಲ್ಲಿ ಒಂದೂವರೆ ಪಟ್ಟಾಗಿದೆ.

ಗೌಡರ ಸಿದ್ಧಾಂತದಲ್ಲಿ ಹುರುಳಿಲ್ಲವೆನ್ನಲು ಬಾಯಿ ಬರುವುದಿಲ್ಲ. 1980ರ ದಶಕದ ಮಧ್ಯದಲ್ಲಿ ಸರ್ಕಾರ ಖಾಸಗಿಯವರು ವಿದೇಶಿ ಬಂದೂಕು ತರಿಸುವುದನ್ನು ನಿಲ್ಲಿಸಿತು. ಶೂಟಿಂಗ್ ಕ್ರೀಡಾಪಟುಗಳಿಗಷ್ಟೇ ಬಾಗಿಲು ತೆರೆದಿದೆ. ಹಾಗಾಗಿ ಹೊರಗೆ ಹತ್ತಾರು ಸಾವಿರಕ್ಕೆ ಸಿಗುವ ಹಳೇ ಪಿಸ್ತೂಲಿಗೆ ಇಲ್ಲಿ ಲಕ್ಷಗಟ್ಟಲೆ ಕೊಡುವವರಿದ್ದಾರೆ. ಅಮೆರಿಕದಲ್ಲೂ 1986ರ ಕಾನೂನು ಹೊಸ ಮಷಿನ್‌ಗನ್‌ಗಳನ್ನು ಜನರ ಕೈಗೆ ಕೊಡಕೂಡದೆಂದ ಮೇಲೆ ಹಳೆಯವುಗಳ ಬೆಲೆ ಆಕಾಶಕ್ಕೇರಿತು. ಆದರೆ ಅವು ಪಿಸ್ತೂಲು, ಮಷಿನ್‌ಗನ್. ಉದ್ದ ಕೋವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮದುವೆಮನೆಗೆ ಹೋಗಲಾಗುವುದಿಲ್ಲವಲ್ಲ, ಕೊಳ್ಳುವವರು ಕಡಿಮೆ.

ಇದನ್ನೆಲ್ಲ ಬಿಡಿಸಿ ಹೇಳುವವನು ಮಗ. ಅವನು ಕಂಪ್ಯೂಟರ್ ಕೆಲಸದ ಮೇಲೆ ಬರ್ಮಿಂಗ್‌ಹ್ಯಾಮಿನಲ್ಲಿದ್ದಾನೆ. ನಳಿಗೆಯ ಅಡಿಯ ಪರೀಕ್ಷಾ ಮುದ್ರೆ ನೋಡಿದರೆ ಕೋವಿ ಹುಟ್ಟಿದ್ದೂ ಅದೇ ಊರಿನಲ್ಲಿ. ಕಲ್ಕತ್ತೆಯವರು ತರಿಸಿ ಹೆಸರು ಕೆತ್ತಿಸಿ ಮಾರಿದ್ದು. ಮೊನ್ನೆ ವಿಡಿಯೋ ಕಾಲಿನಲ್ಲಿ ಅಪ್ಪ ಮಗನ ವ್ಯವಹಾರಕ್ಕೆ ನನ್ನನ್ನೂ ಕೂರಿಸಿಕೊಂಡಿದ್ದರು.

‘ಅಪ್ಪಾ, ಮಾರೋದಾದ್ರೆ ಲೈಸೆನ್ಸ್ ಇರೋರಿಗೇ ಮಾರ್ಬೇಕು. ಮೊದ್ಲು ಡಿಸಿಗೋ ಠಾಣೆಗೋ ಬರೆದುಕೊಟ್ಟು 45 ದಿನ ಕಾಯ್ಬೇಕು.’

‘ಇಲ್ಲಿ ಯಾರಿಗೋ ಮಾರು ಅಂದೋರ್ಯಾರು? ಲಂಡನ್ ಹರಾಜಿಗೆ ಹಾಕು. 120 ವರ್ಷದ ಮಾಲು!’

‘ನೂರು ದಾಟಿದ್ರೆ ಪ್ರಾಚ್ಯವಸ್ತು ಅಂತಾರೆ. 1972ರ ಕಾಯ್ದೆ ಪ್ರಕಾರ ದೇಶದಿಂದ ಹೊರಗೆ ಕಳಿಸೋ ಹಂಗಿಲ್ಲ.’

ಗೌಡರು ತಡಬಡಾಯಿಸಲಿಲ್ಲ. ‘ಹಂಗಾದ್ರೆ ತೊಂಬತ್ತೆಂಟು ಅಂತ ಬರಿ.’

‘ಬಂದ್ರೂ ಏನು ಸಿಗುತ್ತೆ? ಪರ್ಡಿ, ಹಾಲಂಡ್ ಅಂಡ್ ಹಾಲಂಡ್ ಥರದ್ದು, ಪೆಟ್ಟಿಗೆ ಕಾಗದ ಎಲ್ಲ ಇದ್ರೆ ಸರಿ. ನಮ್ಮಂಥ ಸಾದಾ ಜೋಡಿನಳಿಗೆ ಇಲ್ಲಿ ಹರಾಜಲ್ಲಿ ಬರೀ ನೂರಿನ್ನೂರು ಪೌಂಡಿಗೆ ಹೋಗ್ತವೆ ಅಪ್ಪಾ. ಅದೂ ಹಿಡಿ ಬದಲಾಯಿಸದೇ ಇರೋವು.’

ನಾನು ಗೌಡರ ಮುಖ ನೋಡಲು ಹೆದರಿ ಹುಲಿ ಫೋಟೋ ನೋಡಿದೆ. ಒಳಗಿನಿಂದ ಗೌಡ್ತಮ್ಮನ ಒಗ್ಗರಣೆ ಸೌಟು ಕೂಡ ನಿಂತಿತು.

‘ನೂರಿನ್ನೂರು ಪೌಂಡಾ?’ ಗೌಡರು ಕನ್ನಡಕ ಸರಿಮಾಡಿಕೊಂಡರು. ‘ಅಷ್ಟು ಸಸ್ತಾನಾ? ಹಂಗಾದ್ರೆ ಬರೋವಾಗ ನಾಲ್ಕು ಹಾಕ್ಕೊಂಡು ಬಾರೋ!’

‘ತರೋಕಾಗಲ್ಲ ಅಪ್ಪಾ, ಆಮದು ಬಂದ್ ಆಗಿದೆಯಲ್ಲ.’

ಗೌಡರು ನನ್ನ ಕಡೆ ತಿರುಗಿ ತೊಡೆಗೊಂದು ಪೆಟ್ಟು ಕೊಟ್ಟರು. ‘ಕೇಳಿದ್ಯಾ ಮಾರಾಯ? ತರೋಕೂ ಆಗಲ್ವಂತೆ. ಇನ್ನು ರೇಟು ಏರದೆ ಏನಾಗುತ್ತೆ!’