ಹದಿನಾರು ಗುಂಡಿಗಳ ಮೋಹ

ಡಿಜಿಟ್ಯಾಕ್ಟ್ ಎಂಬ ಸ್ಯಾಂಪ್ಲಿಂಗ್ ಡ್ರಮ್ ಮಷೀನಿನ ಎರಡನೇ ಅವತಾರ 2024ರಲ್ಲಿ ಬಂದದ್ದೇ ಬಂದದ್ದು, ಮೊದಲನೆಯದನ್ನು ಇಟ್ಟುಕೊಂಡವರ ನಿದ್ದೆ ಹಾಳಾಯಿತು. ಆಗ ಎಂಟು ಆಡಿಯೊ ಟ್ರ್ಯಾಕು, ಈಗ ಹದಿನಾರು. ಆಗ ಮೋನೊ, ಈಗ ಸ್ಟೀರಿಯೊ. ಎಂಟನ್ನೇ ತುಂಬಿಸಲು ತಿಣುಕುವವನಿಗೆ ಹದಿನಾರು ಯಾಕೆ ಎಂದು ಕೇಳಬಾರದು. ಹಾಗೆ ಕೇಳುವವರು ಗೃಹಸ್ಥರು, ಸಂಗೀತಗಾರರಲ್ಲ.

ಕೊಳ್ಳಬೇಕೋ ಬೇಡವೋ ಎಂಬ ವ್ಯಾಜ್ಯದಲ್ಲಿ ಎರಡೂ ಕಡೆಯ ವಕೀಲ ನಾನೇ. ಲ್ಯಾಪ್‌ಟಾಪಿನ ಸಾಫ್ಟ್‌ವೇರ್ ಇದೆಲ್ಲ ಮಾಡುತ್ತದಲ್ಲ ಎನ್ನುತ್ತದೆ ಒಂದು ಪಕ್ಷ. ಅದೇ ಲ್ಯಾಪ್‌ಟಾಪಿನಲ್ಲಿ ಆಫೀಸಿನ ಮೇಲ್ ಕೂಡ ಇದೆಯಲ್ಲ ಎನ್ನುತ್ತದೆ ಇನ್ನೊಂದು. ತೀರ್ಪು ಕಾಯ್ದಿರಿಸಲಾಗಿದೆ.

ಇತಿಹಾಸ ತೆಗೆದರೆ ಇನ್ನಷ್ಟು ಮುಜುಗರ. 1987ರ ಎಸ್‌ಪಿ-1200 ಎಂಬ ಇಂಥದೇ ಯಂತ್ರಕ್ಕೆ ಹಿಡಿಸುತ್ತಿದ್ದದ್ದು ಒಟ್ಟು ಹತ್ತು ಸೆಕೆಂಡಿನಷ್ಟು ಧ್ವನಿ. ಹಿಪ್‌ಹಾಪ್ ಹುಡುಗರು ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45ರ ವೇಗದಲ್ಲಿ ಓಡಿಸಿ, ಮೋಟಾಗಿ ತುಂಬಿಕೊಂಡು, ಒಳಗೆ ಮತ್ತೆ ನಿಧಾನಿಸುತ್ತಿದ್ದರು. ಆ ಜಿಪುಣತನದಲ್ಲಿ ಹುಟ್ಟಿದ ಒರಟು ದನಿಗೇ ಈಗ ಜನ ದುಡ್ಡು ಸುರಿಯುತ್ತಾರೆ! ಡೆಟ್ರಾಯಿಟ್ಟಿನ ಹಿಪ್‌ಹಾಪ್ ಸಂಗೀತಗಾರ ಜೆ ಡಿಲ್ಲಾ ಬಡಿದ ಎಂಪಿಸಿ ಎಂಬ ಸ್ಯಾಂಪ್ಲಿಂಗ್ ಯಂತ್ರ ಇವತ್ತು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ನಾನು ಕೊಂಡರೆ ಅದೂ ಒಂದು ದಿನ ಗಾಜಿನೊಳಗೆ ಸೇರುವುದು ಖಚಿತ. ನಮ್ಮ ಹಾಲಿನ ಷೋಕೇಸಿನಲ್ಲಿ, ದಸರಾ ಗೊಂಬೆಗಳ ಪಕ್ಕ.

ಸದ್ಯಕ್ಕೆ ಕಾರ್ಟಿಗೆ ಹಾಕಿದ್ದೇನೆ, ಅದಕ್ಕೇನು ದುಡ್ಡು ಬೀಳುವುದಿಲ್ಲವಲ್ಲ. ಜೊತೆಗೊಂದು ಪ್ಲಾಸ್ಟಿಕ್ ಮುಚ್ಚಳವನ್ನೂ ಹಾಕಿದ್ದೇನೆ. ಧೂಳು ಕೂರಬಾರದು, ನೋಡಿ.