ಮೊಸರು ಬಿಟ್ಟ ಮಗಳು, ಹಾರಿಹೋದ ಹಂದಿ

ಬೆಂಗಳೂರಿನಿಂದ ಬಂದ ಮಗಳು ಊಟದ ಕೊನೆಗೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು, "ನಂಗೆ ಮೊಸರು ಬೇಡಮ್ಮ" ಎಂದಳು. ನಮ್ಮ ಮನೆಯಲ್ಲಿ ಮೊಸರು ಬೇಡ ಎನ್ನುವುದಕ್ಕೆ ಇರುವುದು ಎರಡೇ ಕಾರಣ. ಒಂದು ನೆಗಡಿ, ಇನ್ನೊಂದು ಸಿಟ್ಟು. ಮೂಗು ಸುರಿಯುತ್ತಿರಲಿಲ್ಲವಾದ್ದರಿಂದ ಹೆಂಡತಿ ನನ್ನ ಕಡೆ ನೋಡಿದಳು.

"ಸಿಟ್ಟೂ ಇಲ್ಲ, ಏನೂ ಇಲ್ಲ. ಹಾಲಿನ ಪದಾರ್ಥ ಬಿಟ್ಟಿದೀನಿ. ವೀಗನ್ ಆಗಿದೀನಿ."

ನಾನು ಸಂಧಾನಕ್ಕಿಳಿದೆ. "ಸರಿ, ಹಾಲು ಬೇಡ. ಮಜ್ಜಿಗೆ?"

"ಬೇಡ."

"ನೀರು ಮಜ್ಜಿಗೆ? ಅದರಲ್ಲಿ ಮಜ್ಜಿಗೆ ಎಲ್ಲಿರುತ್ತೆ?"

"ಬೇಡ."

"ಹೋಗಲಿ, ಬೆಣ್ಣೆ?"

"ಅಪ್ಪಾ, ಅವೆಲ್ಲ ಒಂದೇ ಪ್ರಾಣಿಯಿಂದ ಬರೋದು!"

"ತುಪ್ಪ?" ಎಂದೆ. ತುಪ್ಪವೂ ಪ್ರಾಣಿಯಿಂದ ಬರುತ್ತದೆಂದು ಐವತ್ತೆಂಟು ವರ್ಷಗಳಲ್ಲಿ ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ನಾನು ಕಂಡಂತೆ ಅದು ಬಾಣಲೆಯಿಂದ ಬರುತ್ತದೆ.

ಮಗಳು ಇದ್ದಕ್ಕಿದ್ದಂತೆ ನಗತೊಡಗಿದಳು. ನಕ್ಕು ನಕ್ಕು ನೀರು ಕುಡಿದು, "ರಾತ್ರಿ ನಿಂಗೊಂದು ತೋರಿಸ್ತೀನಿ" ಎಂದಳು.

ತೋರಿಸಿದ್ದು 'ದಿ ಸಿಂಪ್ಸನ್ಸ್'. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಕಲ್ಪನೆಯ ಊರಿನ ಸಂಸಾರವೊಂದರ ಕಥೆ. ಮ್ಯಾಟ್ ಗ್ರೇನಿಂಗ್ ಹುಟ್ಟುಹಾಕಿದ್ದು, 1989ರಿಂದ ನಡೆದು ಬಂದದ್ದು. ಕಾರ್ಟೂನೇ, ಆದರೆ ಬರೆದದ್ದು ದೊಡ್ಡವರಿಗೆ. ಜಗಲಿಯಿಂದ ಎದ್ದು ಬಂದ ನಮ್ಮ ಸೋದರತ್ತೆ ಒಂದು ಗಳಿಗೆ ನೋಡಿ, "ಪಾಪ, ಮನೆಮಂದಿಗೆಲ್ಲ ಕಾಮಾಲೆಯೇನೇ?" ಎಂದು ಕೇಳಿದರು. ಅಲ್ಲಿ ಹೆಚ್ಚುಕಡಿಮೆ ಎಲ್ಲರೂ ಹಳದಿ. ವೈದ್ಯಕೀಯ ಕಾರಣವೇನೂ ಇಲ್ಲವೆಂದು ಖಾತ್ರಿಯಾದ ಮೇಲೆ ಅತ್ತೆ ಕುರ್ಚಿ ಎಳೆದುಕೊಂಡು ಕೂತರು.

ಕಂತಿನ ಹೆಸರು 'ಲೀಸಾ ದಿ ವೆಜಿಟೇರಿಯನ್', ಏಳನೇ ಸರಣಿಯದು, ಬರೆದವನು ಡೇವಿಡ್ ಕೋಹೆನ್. ಮನೆಯ ಎಂಟು ವರ್ಷದ ಹುಡುಗಿ ಲೀಸಾ ಒಂದು ಉದ್ಯಾನದಲ್ಲಿ ಕುರಿಮರಿಯನ್ನು ಮುದ್ದಾಡಿ ಬರುತ್ತಾಳೆ. ರಾತ್ರಿ ಅಮ್ಮ ಮಾರ್ಜ್ ಬಡಿಸುವುದೂ ಕುರಿಮರಿಯನ್ನೇ. ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಮಾಂಸ ಬಿಟ್ಟೆ ಎನ್ನುತ್ತಾಳೆ. ಆಗ ಅಪ್ಪ ಹೋಮರ್ ಸಂಧಾನಕ್ಕಿಳಿಯುತ್ತಾನೆ. ಬೇಕನ್ನೂ ಬೇಡವೇ? ಹ್ಯಾಮ್? ಪೋರ್ಕ್ ಚಾಪ್? ಅವೆಲ್ಲ ಒಂದೇ ಪ್ರಾಣಿಯಿಂದ ಬರುವುದು ಎಂದು ಹುಡುಗಿ ತಿಳಿಸಿದರೆ ಅವನಿಗೆ ನಂಬಿಕೆಯೇ ಬರುವುದಿಲ್ಲ. ಇಷ್ಟೆಲ್ಲ ಕೊಡುವ ಮಾಯಾಪ್ರಾಣಿ ಎಲ್ಲಿರುತ್ತದೆ ಎಂದು ಗೇಲಿ ಮಾಡುತ್ತಾನೆ.

ಮಗಳು ಅಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದಳು. "ನಮ್ಮಲ್ಲಿ ಅಂಥ ಪ್ರಾಣಿ ಇದೆ, ಕಾಮಧೇನು ಅಂತಾರೆ" ಎಂದೆ. ಮಾತು ಚೆನ್ನಾಗಿಯೇ ಇತ್ತು. ಯಾರೂ ನಗಲಿಲ್ಲ.

ನನ್ನ ಅವಸ್ಥೆ ಹೇಳಬೇಕು. ಹುಟ್ಟಿದಾರಭ್ಯ ಸಸ್ಯಾಹಾರಿ ನಾನು. ಇದರಲ್ಲಿ ನನ್ನ ಸಾಧನೆ ಏನೇನೂ ಇಲ್ಲ, ತಟ್ಟೆಗೆ ಬಡಿಸಿದ್ದನ್ನು ತಿಂದೆ ಅಷ್ಟೆ. ಆದರೂ ಈ ಕಥೆಯಲ್ಲಿ ನಾನು ಲೀಸಾಳ ಕಡೆಯವನೆಂದೇ ನೆಚ್ಚಿ ಕೂತಿದ್ದೆ. ನೋಡನೋಡುತ್ತ ಬೊಜ್ಜು ಹೊಟ್ಟೆಯ, ಬಕ್ಕತಲೆಯ ಹೋಮರನ ಸಂಭಾಷಣೆ ನನ್ನ ಬಾಯಿಂದಲೇ ಬಂದದ್ದಾಗಿತ್ತು. ಹೊಟ್ಟೆ, ತಲೆಗಳ ವಿಷಯದಲ್ಲೂ ಹೆಚ್ಚು ವಾದಿಸುವಂತಿರಲಿಲ್ಲ.

ಮುಂದೆ ಶಾಲೆಯಲ್ಲಿ ಅವಳನ್ನು ದಾರಿಗೆ ತರಲು ಮಾಂಸದ ಮಹಿಮೆ ಸಾರುವ ಚಿತ್ರ ತೋರಿಸುತ್ತಾರೆ. ಮನೆಯಲ್ಲಿ ಅಪ್ಪ, ಅಣ್ಣ, ಅಮ್ಮ ಸಾಲಾಗಿ ಕುಣಿಯುತ್ತ ಸಲಾಡ್ ತಿನ್ನಿಸಿದರೆ ಸ್ನೇಹಿತರು ಸಿಗುವುದಿಲ್ಲವೆಂದು ಹಾಡುತ್ತಾರೆ. ಹೋಮರ್ ಊರಿಗೆಲ್ಲ ಔತಣ ಹೂಡಿ ಅಂಗಳದಲ್ಲಿ ಇಡೀ ಹಂದಿ ಸುಡುತ್ತಾನೆ. ಲೀಸಾ ಎಲ್ಲರಿಗೂ ಸಾಕಾಗುವಷ್ಟು ಗಾಸ್ಪಾಚೊ ಮಾಡಿ ತಂದು, ಇದು ಟೊಮೆಟೊ ಸೂಪು, ತಣ್ಣಗೇ ಕುಡಿಯಬೇಕು ಎಂದರೆ ನೆಂಟರಿಷ್ಟರೆಲ್ಲ ಬಿದ್ದು ಬಿದ್ದು ನಗುತ್ತಾರೆ. ಒಬ್ಬನಂತೂ ರಷ್ಯಾಕ್ಕೆ ಹೋಗು ಎಂದು ಕೂಗುತ್ತಾನೆ. ಗಾಸ್ಪಾಚೊ ಸ್ಪೇನಿನದು.

"ತಣ್ಣನೆ ಸಾರಿಗೆ ಇಷ್ಟು ನಗೋದೇನಿದೆ?" ಅತ್ತೆಗೆ ಬೇಸರವಾಯಿತು. "ಇವರು ತಂಬುಳಿ ಕಂಡಿಲ್ಲ."

ಸಿಟ್ಟಿಗೆದ್ದ ಲೀಸಾ ಹುಲ್ಲು ಕತ್ತರಿಸುವ ಗಾಡಿ ಹತ್ತಿ, ಹಂದಿಯನ್ನು ತಳ್ಳಿಕೊಂಡು ಹೊರಟೇಬಿಡುತ್ತಾಳೆ. ಹಂದಿ ಇಳಿಜಾರಿನಲ್ಲಿ ಉರುಳಿ, ಪೊದೆ ಹಾಯ್ದು, ಹೊಳೆಗೆ ಬಿದ್ದು, ಅಣೆಕಟ್ಟಿನ ತೂಬಿಗೆ ಸಿಕ್ಕಿಕೊಂಡು, ನೀರಿನ ರಭಸಕ್ಕೆ ಆಕಾಶಕ್ಕೆ ಚಿಮ್ಮುತ್ತದೆ. ಬೆನ್ನಟ್ಟುವ ಹೋಮರ್ ಪ್ರತಿ ಹಂತದಲ್ಲೂ ಇನ್ನೂ ಏನೂ ಕೆಟ್ಟಿಲ್ಲವೆಂದು ಸಮಾಧಾನ ಹೇಳಿಕೊಳ್ಳುತ್ತಾನೆ. ಅದೇ ಹೊತ್ತಿಗೆ ಊರಿನ ಜಿಪುಣ ಸಾಹುಕಾರ ಬರ್ನ್ಸ್, ಅನಾಥಾಲಯಕ್ಕೆ ಹತ್ತು ಲಕ್ಷ ಡಾಲರ್ ಕೊಡುವುದು ಹಂದಿ ಹಾರಿದ ದಿನ ಎಂದು ನಗುತ್ತಿರುತ್ತಾನೆ. ಕಿಟಕಿಯಾಚೆ ಹಂದಿ ಹಾರಿಹೋಗುತ್ತದೆ. ಈಗ ಕೊಡುತ್ತೀರಾ ಎಂದು ಗುಮಾಸ್ತ ಕೇಳಿದರೆ, ಇಲ್ಲ, ಕೊಡದಿರುವುದೇ ವಾಸಿ ಎನ್ನುತ್ತಾನೆ. ಹಾಸ್ಯದ ಹೆಸರಿನಲ್ಲಿ ನಾನು ಮೂವತ್ತು ವರ್ಷ ಏನೇನೋ ಬರೆದಿದ್ದೇನೆ. ಆ ಹಂದಿಯ ಎತ್ತರಕ್ಕೆ ಒಂದೂ ಏರಿಲ್ಲ.

ನನ್ನನ್ನು ಚುಚ್ಚಿದ್ದು ಅಪುವಿನ ಭಾಗ. ಅಪು ಅಲ್ಲಿ ಅಂಗಡಿ ಇಟ್ಟಿರುವ ಭಾರತೀಯ. (ಅವನ ಉಚ್ಚಾರದ ಬಗ್ಗೆ ಮುಂದೆ ಸಾಕಷ್ಟು ಜಗಳವಾಗಿ, ದನಿ ಕೊಡುತ್ತಿದ್ದ ಹ್ಯಾಂಕ್ ಅಜೇರಿಯಾ 2020ರಲ್ಲಿ ಆ ಕೆಲಸ ಬಿಟ್ಟ. ಜಗಳ ನ್ಯಾಯವಾದದ್ದೇ. ಆದರೆ ಈ ಕಂತಿನಲ್ಲಿ ಬುದ್ಧಿವಂತ ಅವನೊಬ್ಬನೇ.) ಎಲ್ಲರ ಕಾಟಕ್ಕೆ ಸೋತ ಲೀಸಾ ಅವನ ಅಂಗಡಿಯಲ್ಲಿ ಸಾಸೇಜು ಕಚ್ಚುತ್ತಾಳೆ, ಅದು ಸೋಯಾದ ತೋಫು ಎಂದು ತಿಳಿಸಿ ಅಪು ಅವಳನ್ನು ಗುಟ್ಟಿನ ಮೆಟ್ಟಿಲು ಹತ್ತಿಸಿ ತಾರಸಿ ತೋಟಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ, ಹೆಂಡತಿ ಲಿಂಡಾ. ಇಬ್ಬರೂ ತಾವೇ ದನಿ ಕೊಟ್ಟಿದ್ದಾರೆ. ಅವರೂ ಸ್ಕಾಟ್ಲೆಂಡಿನ ತೋಟದ ಮನೆಯಲ್ಲಿ ಕುರಿಮಾಂಸದ ಊಟ ಮಾಡುವಾಗ ಹೊರಗೆ ಕುರಿಮರಿಗಳನ್ನು ಕಂಡು ಮಾಂಸ ಬಿಟ್ಟವರು. ಲೀಸಾ ಮುಂದೆಂದೂ ಮಾಂಸ ಮುಟ್ಟಕೂಡದು ಎಂಬ ಷರತ್ತಿನ ಮೇಲೆಯೇ ಪಾಲ್ ಒಪ್ಪಿದ್ದಂತೆ. ಮಾತು ಉಳಿಸಿಕೊಂಡಿದ್ದಾರೆ. ಮೊಳಕೈಗೆ ಬೆಲ್ಲ ಹಚ್ಚುವ ಒಪ್ಪಂದಗಳನ್ನೇ ಕಂಡ ನನಗೆ ಇದು ಹಂದಿ ಹಾರಿದ್ದಕ್ಕಿಂತ ದೊಡ್ಡ ಸೋಜಿಗ.

ತೋಟದಲ್ಲಿ ಅಪು ಹೇಳುತ್ತಾನೆ: ನಾನು ಪ್ರಾಣಿಯಿಂದ ಬಂದ ಯಾವುದನ್ನೂ ತಿನ್ನುವುದಿಲ್ಲ. ಹಾಗಾದರೆ ಚೀಸ್ ತಿನ್ನುವ ನಾನು ನಿನ್ನ ಕಣ್ಣಿಗೆ ರಾಕ್ಷಸಿಯೇ ಇರಬೇಕಲ್ಲ ಎಂದು ಲೀಸಾ ನಾಚುತ್ತಾಳೆ. ಹೌದು, ಹಾಗೇ ಅನ್ನಿಸುತ್ತದೆ, ಆದರೆ ಸಹಿಸಿಕೊಳ್ಳುವುದನ್ನು ಕಲಿತಿದ್ದೇನೆ ಎಂದು ಅಪು ಬಲು ವಿನಯದಿಂದ ಒಪ್ಪಿಕೊಳ್ಳುತ್ತಾನೆ.

ನಾನು ಮೆಲ್ಲಗೆ ಮಗಳ ಕಡೆ ತಿರುಗಿದೆ. "ನಂಗೂ ಅಭ್ಯಾಸ ಆಗ್ತಿದೆ, ಅಪ್ಪ" ಎಂದಳು.

"ಇದಕ್ಯಾಕೆ ಇಷ್ಟು ರಾದ್ಧಾಂತ?" ಎಂದರು ಅತ್ತೆ. "ಚಾತುರ್ಮಾಸ್ಯದಲ್ಲಿ ದಧಿವ್ರತ ಅಂತ ನಾನೂ ಒಂದು ತಿಂಗಳು ಮೊಸರು ಬಿಡ್ತೀನಿ. ಕ್ಷೀರವ್ರತ ಅಂತ ಇನ್ನೊಂದು ತಿಂಗಳು ಹಾಲು ಬಿಡ್ತೀನಿ. ಇವಳು ವರ್ಷಪೂರ್ತಿ ಬಿಟ್ಟಳು. ಶಾಕವ್ರತದಲ್ಲಿ ತರಕಾರೀನೂ ಬಿಡ್ತೀನಿ, ಗೊತ್ತೇನೇ?" ತರಕಾರಿಯನ್ನೇ ಬಿಟ್ಟ ಸಸ್ಯಾಹಾರಿಯ ಮುಂದೆ ಮಗಳು ಮೊದಲ ಬಾರಿ ಸ್ವಲ್ಪ ಕುಗ್ಗಿದಳು. ಅಪುವಿನ ತಾರಸಿಗೂ ಮೇಲೆ ಇನ್ನೊಂದು ಮಹಡಿಯಿತ್ತು, ಅದರಲ್ಲಿ ಎಪ್ಪತ್ತೆಂಟು ವರ್ಷದ ನಮ್ಮತ್ತೆ ಮಡಿಯುಟ್ಟು ಕೂತಿದ್ದರು.

ಕಂತು ಮುಗಿದು ಹೆಸರುಗಳು ಓಡತೊಡಗಿದವು. ಹಿಂದೆ ಪಾಲ್ ಹಾಡು. "ಈ ಹಾಡಿನೊಳಗೆ ಅವನು ಬೇಳೆ ಸೂಪ್ ಮಾಡೋ ವಿಧಾನ ಹೇಳಿದಾನೆ ಅಜ್ಜಿ, ಆದ್ರೆ ಹಿಂದುಮುಂದಾಗಿ. ತಿರುಗಿಸಿ ಹಾಕಿದ್ರೆ ಮಾತ್ರ ಕೇಳತ್ತೆ" ಎಂದಳು ಮಗಳು.

"ಬೇಳೇದಾ? ಇದನ್ನ ತೋರಿಸಿದ್ದು ಯಾವಾಗ?"

"1995, ಅಕ್ಟೋಬರ್ 15."

ಅತ್ತೆ ಕಣ್ಣು ಮುಚ್ಚಿ ಬೆರಳು ಮಡಚಿದರು. "ಆ ವರ್ಷ ದೀಪಾವಳಿ ಅಮಾವಾಸ್ಯೆ ಬೆಳಿಗ್ಗೆ ಸೂರ್ಯಗ್ರಹಣ. ಇಪ್ಪತ್ನಾಲ್ಕನೇ ತಾರೀಖು. ಅದಕ್ಕೆ ಒಂಬತ್ತು ದಿನ ಮುಂಚೆ ಅಂದ್ರೆ ಆಶ್ವಯುಜ ಬಹುಳ. ದ್ವಿದಳ ವ್ರತ ನಡೀತಿತ್ತು, ಬೇಳೆ ಕೂಡದು."

ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು.

"ಅದಕ್ಕೇ ಪಾಪ, ಯಾರಿಗೂ ತಿಳೀದ ಹಾಗೆ ಹೇಳಿದಾನೆ."